ಹದಿನೇಳನೆಯ ನೆರಳು

ಹಾಲಸ್ವಾಮಿಯವರ ಹೆಂಡತಿ ಬಸವರಾಜೇಶ್ವರಿ ತೀರಿಕೊಳ್ಳುವುದಕ್ಕೆ ಮೂರು ದಿನ ಮೊದಲು, ಗಂಡನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಒಂದು ಮಾತು ಹೇಳಿದ್ದರು.

“ನಿಮ್ಮೊಳಗೆ ಏನೋ ಇದೆ. ಇಪ್ಪತ್ತೆಂಟು ವರ್ಷ ಕೇಳಿದೆ, ನನಗೆ ಹೇಳ್ಲಿಲ್ಲ. ಹೋಗ್ಲಿ ಬಿಡಿ. ಯಾರಿಗೆ ಹೇಳ್ಬೇಕೋ ಅವರಿಗಾದ್ರೂ ಹೇಳಿ. ಆ ಗಂಟು ಹೊತ್ಕೊಂಡು ನನ್ನ ಹಿಂದೆ ಬರಬೇಡಿ.”

ಯಾರಿಗೆ ಹೇಳಬೇಕೋ ಅವರೇನೂ ದೂರದಲ್ಲಿರಲಿಲ್ಲ. ರವೀಂದ್ರನಗರದ ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಭದ್ರಾವತಿಗೆ ಮುಕ್ಕಾಲು ಗಂಟೆ. ಹಾಲಸ್ವಾಮಿ ವಾಯುಪಡೆಯಿಂದ ನಿವೃತ್ತರಾಗಿ ಶಿವಮೊಗ್ಗಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಮದುವೆಯೆಂದು, ಸಾವೆಂದು, ದುರ್ಗಿಗುಡಿಯಲ್ಲಿರುವ ಮಗನ ಎಲೆಕ್ಟ್ರಿಕಲ್ ಅಂಗಡಿಯ ಸಾಮಾನೆಂದು ಎಷ್ಟೋ ಸಲ ಭದ್ರಾವತಿಗೆ ಹೋಗಬೇಕಾಗಿ ಬಂದಿತ್ತು. ಪ್ರತಿ ಸಲವೂ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದರು. “ನಮ್ಮಪ್ಪ ದೇಶದ ಗಡಿ ದಾಟಿ ಅಂದ್ರೂ ದಾಟ್ತಾರೆ, ಭದ್ರಾ ಸೇತುವೆ ಮಾತ್ರ ದಾಟಲ್ಲ” ಎಂದು ಮಗ ವಿಜಯಕುಮಾರ್ ತಮಾಷೆ ಮಾಡುತ್ತಿದ್ದ. ಅವರು ನಗುತ್ತಿರಲಿಲ್ಲ.

ಹೆಂಡತಿಯ ವರ್ಷದ ಸ್ಮರಣೆ ಮುಗಿದ ಮರುವಾರ, ತೊಂಬತ್ತೆಂಟನೆಯ ಇಸವಿಯ ಜೂನ್ ತಿಂಗಳಲ್ಲಿ, ಹಾಲಸ್ವಾಮಿ ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಯಾರಿಗೂ ಹೇಳದೆ ಭದ್ರಾವತಿಯ ಬಸ್ ಹತ್ತಿದರು.

ಕಿಟಕಿಯ ಪಕ್ಕ ಕುಳಿತವರಿಗೆ ಕಂಡದ್ದು ಹೊರಗಿನ ರಸ್ತೆಯಲ್ಲ, ಚಿಂತಗುಟ್ಟದ ಬಯಲು. ಹೈದರಾಬಾದಿನಿಂದ ಬಡಗಲಿಗೆ, ಕುರುಚಲು ಗುಡ್ಡಗಳ ನಡುವೆ ಇದ್ದ ತರಬೇತಿ ವಿಮಾನ ನಿಲ್ದಾಣ ಅದು. ಒಂದು ರನ್‌ವೇ, ಮೂರು ಹ್ಯಾಂಗರು, ತಗಡಿನ ಮಾಡಿನ ಬ್ಯಾರಕ್ಕುಗಳು. ಬೆಳಗಿನ ಜಾವ ನಾಲ್ಕೂವರೆಗೆ ಅವರು ಹಳದಿ ಬಣ್ಣದ ತರಬೇತಿ ವಿಮಾನಗಳನ್ನು ಹ್ಯಾಂಗರಿನಿಂದ ಕರುಗಳ ಹಾಗೆ ಒಂದೊಂದಾಗಿ ಹೊರಗೆ ತಳ್ಳುತ್ತಿದ್ದರು. ಚಳಿಗೆ ಇಂಜಿನ್ನುಗಳು ಮೊದಲು ಕೆಮ್ಮುತ್ತಿದ್ದವು, ಆಮೇಲೆ ಮಾತಾಡುತ್ತಿದ್ದವು. ಆರು ಗಂಟೆಗೆ ಹಾರಾಟ ಕಲಿಯುವ ಕೆಡೆಟ್ ಹುಡುಗರು ಬರುತ್ತಿದ್ದರು. ಅವರಿಗೆ ಹತ್ತೊಂಬತ್ತು ಇಪ್ಪತ್ತು ವಯಸ್ಸು; ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ.

ಹಾಲಸ್ವಾಮಿ ಅಲ್ಲಿ ಫಿಟ್ಟರ್. ಒಂದು ದೊಡ್ಡ ರಿಪೇರಿಯಾದ ಮೇಲೆ ವಿಮಾನವನ್ನು ಪರೀಕ್ಷೆಗೆ ಹಾರಿಸುವಾಗ, ರಿಪೇರಿ ಮಾಡಿದ ಫಿಟ್ಟರನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ಪದ್ಧತಿ ಅಲ್ಲಿತ್ತು. ತಾನು ಬಿಗಿದ ನಟ್ಟಿನ ಮೇಲೆ ತನ್ನ ಜೀವವನ್ನೂ ಇಡಲಿ ಎಂದು. ಹಾಗೆ ಅವರು ಒಂದೇ ಒಂದು ಸಲ ಹಾರಿದ್ದರು. ನೆಲ ಕಾಲಿನಿಂದ ಕಳಚಿಕೊಂಡಾಗ ಅಂಗಿಯೊಳಗೆ ಕೈ ಹಾಕಿ ಇಷ್ಟಲಿಂಗವನ್ನು ಹಿಡಿದುಕೊಂಡಿದ್ದರು. ಮೇಲೆ ಹೋದಂತೆ ಹೆದರಿಕೆ ಹೋಗಿ, ಕೆರೆಗಳು ಬಿಲ್ವಪತ್ರೆಯಷ್ಟಾಗಿ, ಊರುಗಳು ಚೆಲ್ಲಿದ ಅಕ್ಷತೆಯಷ್ಟಾಗಿ ಕಂಡವು. ಶಿವನಿಗೆ ನಾವು ಕಾಣುವುದು ಹೀಗೇ ಇರಬೇಕು ಎನ್ನಿಸಿತು.

ಅಲ್ಲಿ ಕನ್ನಡದವರು ಮೂವರು. ತಾವು, ತರೀಕೆರೆ ಕಡೆಯ ಇನ್ನೊಬ್ಬ ಫಿಟ್ಟರ್ ಹೊನ್ನಯ್ಯ, ಮತ್ತು ಭದ್ರಾವತಿಯ ಕೆಡೆಟ್ ಸುಘೋಷ. ಸಂಸ್ಕೃತ ಮೇಷ್ಟ್ರು ಗಣಪಯ್ಯನವರ ಒಬ್ಬನೇ ಮಗ. ಮೇಲಿನ ದರ್ಜೆಯ ಹುಡುಗ ಫಿಟ್ಟರುಗಳ ಜೊತೆ ಸಲಿಗೆಯಿಂದ ಇರಬಾರದು. ಆದರೆ ಕನ್ನಡ ಮಾತಾಡುವ ಆಸೆಗೆ ಅವನು ಹ್ಯಾಂಗರಿನ ಹಿಂದೆ ಬಂದು ನಿಲ್ಲುತ್ತಿದ್ದ.

“ಹಾಲಣ್ಣ, ಮೇಲಿಂದ ನೋಡಿದ್ರೆ ನಿಮ್ಮ ಹ್ಯಾಂಗರು ಬೆಂಕಿಪೊಟ್ಟಣ, ನೀವೆಲ್ಲ ಕಡ್ಡಿಗಳು.”

“ಕಡ್ಡಿ ಗೀರಿದ್ರೆ ಮೊದಲು ಹತ್ಕೊಳ್ಳೋದು ನಿನ್ನ ವಿಮಾನಾನೇ ಮಾರಾಯ, ಹುಷಾರಾಗಿರು” ಎಂದು ಅವರು ಒಂದು ದಿನ ನಗೆಯಾಡಿದ್ದರು. ಆಡಬಾರದ ಮಾತು. ನಾಲಗೆಗೆ ಮೂಳೆಯಿಲ್ಲ.

ಹ್ಯಾಂಗರಿನಲ್ಲಿ ಪ್ರತಿಯೊಬ್ಬ ಫಿಟ್ಟರಿಗೂ ಒಂದು ಕಪ್ಪು ಹಲಗೆ. ಅದರ ಮೇಲೆ ಒಂದೊಂದು ಉಪಕರಣದ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು ನಂಬರು ಹಾಕಿರುತ್ತಿದ್ದರು. ಆ ಬಿಳಿ ಆಕಾರಕ್ಕೆ ಫಿಟ್ಟರುಗಳು ನೆರಳು ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಉಪಕರಣಗಳೆಲ್ಲ ಅವುಗಳ ನೆರಳಿನ ಮೇಲೆ ನೇತಾಡಬೇಕು. ಒಂದು ನೆರಳು ಬರಿದಾಗಿದ್ದರೂ ಆ ಉಪಕರಣ ವಿಮಾನದೊಳಗೆ ಉಳಿದಿರಬಹುದೆಂದು ಅರ್ಥ. ಅದು ಸಿಗುವವರೆಗೆ ವಿಮಾನ ಹಾರುವಂತಿಲ್ಲ. ಹಲಗೆ ತುಂಬಿದೆಯೆಂದು ನೋಡಿ ಫಿಟ್ಟರು ಪುಸ್ತಕದಲ್ಲಿ ಸಹಿ ಹಾಕಬೇಕು; ಆ ಸಹಿಯ ಮೇಲೆ ಹುಡುಗ ಹಾರುತ್ತಾನೆ.

ಅರವತ್ತೊಂಬತ್ತನೆಯ ಇಸವಿಯ ಜನವರಿ. ಮಂಜು ಮುಸುಕಿ ಒಂದು ವಾರ ಹಾರಾಟವೇ ಇರಲಿಲ್ಲ. ಸುಘೋಷನಿಗೆ ಒಬ್ಬನೇ ಹಾರುವುದು ಒಂದು ಗಂಟೆ ಬಾಕಿಯಿತ್ತು. ಅಂದು ಹಾರದಿದ್ದರೆ ಅವನನ್ನು ಹಿಂದಿನ ತಂಡಕ್ಕೆ ಇಳಿಸುತ್ತಿದ್ದರು. ಅಂದು ಬೆಳಿಗ್ಗೆ ಹಾಲಸ್ವಾಮಿ ಅವನ ವಿಮಾನದ ಹಿಂದಿನ ಸೀಟಿನ ಕೆಳಗಿನ ತಗಡು ಬಿಗಿದು ಬಂದು ನೋಡುತ್ತಾರೆ, ಹಲಗೆಯ ಮೇಲೆ ಹದಿನೇಳನೆಯ ನೆರಳು ಬರಿದು. ಸಣ್ಣ ಸ್ಕ್ರೂಡ್ರೈವರ್ ಇಲ್ಲ. ವಿಮಾನದೊಳಗೆ ಹುಡುಕಿದರು, ರೆಕ್ಕೆಯ ಕೆಳಗೆ ಹುಡುಕಿದರು, ಜೇಬು ಹುಡುಕಿದರು. ನೆಲದ ಚರಂಡಿಯ ಮೇಲಿನ ಕಬ್ಬಿಣದ ಜಾಲರಿ ಒಂದನ್ನು ಮಾತ್ರ ಎತ್ತಲಿಲ್ಲ. ಅದಕ್ಕೆ ಇಬ್ಬರು ಬೇಕಿತ್ತು. ಹೊನ್ನಯ್ಯ ಟೀ ಕುಡಿಯಲು ಹೋಗಿದ್ದ.

“ಹಾಲಣ್ಣ, ಮಂಜು ಬಿಟ್ಟಿದೆ. ಇನ್ನರ್ಧ ಗಂಟೆ ಆದ್ರೆ ನನ್ನ ಸರದಿ ಹೋಯ್ತು” ಎಂದ ಸುಘೋಷ. “ನಿಮ್ಮ ಸ್ವಂತದ್ದು ಒಂದಿದೆಯಲ್ಲ, ಪೆಟ್ಟಿಗೇಲಿ. ಅದನ್ನ ನೇತುಹಾಕಿ. ಆಮೇಲೆ ಹುಡುಕಿದ್ರಾಯ್ತು.”

ಹಾಲಸ್ವಾಮಿ ನೇತುಹಾಕಿದರು. ಸಹಿ ಹಾಕಿದರು.

ಇಪ್ಪತ್ತು ನಿಮಿಷದ ಮೇಲೆ ಹಳದಿ ವಿಮಾನ ಗುಡ್ಡದ ಮೇಲೆ ಬುಗುರಿಯ ಹಾಗೆ ತಿರುಗತೊಡಗಿತು. ತಿರುಗಿಸುವುದು ಪಾಠದ್ದೇ ಒಂದು ಭಾಗ. ಮೂರನೆಯ ಸುತ್ತಿಗೆ ಹುಡುಗರು ಅದನ್ನು ಬಿಡಿಸಿಕೊಳ್ಳುತ್ತಾರೆ. ಹಾಲಸ್ವಾಮಿ ಎಣಿಸಿದರು. ಮೂರು, ನಾಲ್ಕು, ಐದು. ಆರನೆಯದು ಗುಡ್ಡದ ಆಚೆಗಾಯಿತು. ಆಮೇಲೆ ಹೊಗೆ.

ವಿಚಾರಣೆಯಲ್ಲಿ ಚಾಲಕನ ತಪ್ಪು ಎಂದು ಬರೆದರು. ಎಲ್ಲ ಸುಟ್ಟುಹೋಗಿತ್ತು, ಸ್ಕ್ರೂಡ್ರೈವರಿನ ಮಾತು ಬರಲೇ ಇಲ್ಲ. ಹಲಗೆ ತುಂಬಿತ್ತು. ಸೀಟಿನ ಕೆಳಗೆ ಉಳಿದ ಆ ಉಕ್ಕಿನ ತುಂಡು ಉರುಳಿ ಹೋಗಿ ವಿಮಾನ ನಡೆಸುವ ಹಿಡಿಕೋಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಹುಡುಗ ಎಷ್ಟು ನೂಕಿದರೂ ಅದು ಅಲುಗಲಿಲ್ಲ: ಇದನ್ನು ಹಾಲಸ್ವಾಮಿ ಅಂದಿನಿಂದ ದಿನವೂ ಕಣ್ಣಾರೆ ಕಂಡವರ ಹಾಗೆ ಕಾಣುತ್ತ ಬಂದಿದ್ದರು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುವಾಗ, ಬಲಗೈ ಮಾಡಿದ್ದು ಎಡಗೈಯಲ್ಲಿರುವವನಿಗೆ ಗೊತ್ತಿಲ್ಲವೆ ಎಂದುಕೊಳ್ಳುತ್ತಿದ್ದರು.

ಹಳೇನಗರದಲ್ಲಿ ಗಣಪಯ್ಯ ಮೇಷ್ಟ್ರ ಮನೆ ಯಾವುದೆಂದು ಕೇಳಿದರೆ ಅಂಗಡಿಯವನು ಕೈ ತೋರಿಸಿದ. ಬಾಗಿಲು ತೆಗೆದವಳು ಮಗಳು ಶರಾವತಿ. ನಲವತ್ತು ದಾಟಿದ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸು. ಒಳಗೆ ಮಂಚದ ಮೇಲೆ ತಾಯಿ ಸುವರ್ಣಮ್ಮ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು.

“ಶಿವಮೊಗ್ಗದಿಂದ ಬಂದೆ ತಾಯಿ. ಹಾಲಸ್ವಾಮಿ ಅಂತ. ಚಿಂತಗುಟ್ಟದಲ್ಲಿ ನಿಮ್ಮ ಮಗ ಹಾರಿಸ್ತಿದ್ದ ವಿಮಾನ ನೋಡ್ಕೊಳ್ತಿದ್ದವನು.”

ಹತ್ತಿ ಹೊಸೆಯುತ್ತಿದ್ದ ಬೆರಳುಗಳು ನಿಂತವು. “ಶಾರಿ, ಆ ಫ್ಯಾನು ನಿಲ್ಸು. ಸರಿಯಾಗಿ ಕೇಳ್ಸಲ್ಲ” ಎಂದರು.

ಹಾಲಸ್ವಾಮಿ ಗೋಡೆ ನೋಡಿದರು. ನರಸಿಂಹ ದೇವರ ಪಟ, ಮೇಷ್ಟ್ರ ಪಟ. ಮಗನದಿರಲಿಲ್ಲ.

“ಹುಡುಕ್ಬೇಡಿ” ಎಂದಳು ಶರಾವತಿ. “ಅವನ ಫೋಟೋ ಟ್ರಂಕಲ್ಲಿದೆ. ಮಗನಿಗೆ ತಿಥಿ ಮಾಡಿಸ್ತೀನಿ, ದೇಶದ ವಿಮಾನ ಹಾಳುಮಾಡ್ದವನಿಗೆ ಪಟ ಹಾಕಲ್ಲ ಅಂದ್ರು ಅಪ್ಪ. ಸರ್ಕಾರದ ಕಾಗದದಲ್ಲಿ ಹಾಗೇ ಬರೆದಿತ್ತಲ್ಲ. ಅಪ್ಪ ಅದನ್ನ ದಿನಾ ಸಂಜೆ ತೆಗೆದು ಓದ್ತಿದ್ರು. ಅವರು ಹೋದ್ಮೇಲೂ ನಾವು ಅವರ ಮಾತು ಮೀರ್ಲಿಲ್ಲ.”

ಹಾಲಸ್ವಾಮಿ ನೆಲದ ಮೇಲೆ ಕುಳಿತು ಹೇಳಿದರು. ಹಲಗೆ, ನೆರಳು, ತಮ್ಮ ಸ್ವಂತದ ಸ್ಕ್ರೂಡ್ರೈವರ್, ಸಹಿ. ನೇತುಹಾಕಿ ಎಂದವನು ಯಾರೆಂಬುದನ್ನು ಮಾತ್ರ ಹೇಳಲಿಲ್ಲ. ಸತ್ತ ಮಗುವಿನ ಮೇಲೆ ತಾಯಿಯ ಎದುರಿಗೆ ಅದೊಂದನ್ನು ಹೊರಿಸಲು ಅವರಿಗೆ ಬಾಯಿ ಬರಲಿಲ್ಲ.

ಸುವರ್ಣಮ್ಮ ಹೊಸೆದ ಬತ್ತಿಗಳನ್ನು ಪಕ್ಕಕ್ಕೆ ಸರಿಸಿ ಕೇಳಿದರು. “ಹಾಗಾದ್ರೆ ನನ್ನ ಮಗ ತಪ್ಪು ಮಾಡಿಲ್ಲ.”

ಮಾಡಿರಲಿಕ್ಕಿಲ್ಲ ಎನ್ನುವುದಷ್ಟೇ ಹಾಲಸ್ವಾಮಿಗೆ ಗೊತ್ತಿದ್ದ ಸತ್ಯ. ಆದರೆ ಆ ಮುದುಕಿಯ ಮುಖ ನೋಡಿ, “ಮಾಡಿಲ್ಲ ತಾಯಿ” ಎಂದುಬಿಟ್ಟರು.

“ಅಪ್ಪ ಹೋಗಿದ್ದು ಎಂಬತ್ಮೂರರಲ್ಲಿ” ಎಂದಳು ಶರಾವತಿ. ಅವಳ ದನಿ ಏರಲಿಲ್ಲ. “ಆಗ ನೀವೆಲ್ಲಿದ್ರಿ?”

“ಶಿವಮೊಗ್ಗದಲ್ಲೇ ಇದ್ದೆ.”

“ಹದಿನೆಂಟು ಕಿಲೋಮೀಟರು.”



“ಶಾರಿ, ಪೆನ್ನು ಹಾಳೆ ಕೊಡು” ಎಂದರು ಸುವರ್ಣಮ್ಮ. ಆಮೇಲೆ ಹಾಲಸ್ವಾಮಿಯ ಕಡೆ ತಿರುಗಿದರು. “ಇದನ್ನೆಲ್ಲ ಬರೆದ್ಕೊಡು. ಅವತ್ತು ಸಹಿ ಹಾಕ್ದೆಯಲ್ಲ, ಇವತ್ತೂ ಹಾಕು.”

ಶಾಲೆಯ ನೋಟುಪುಸ್ತಕದ ಗೀಟು ಹಾಳೆಯ ಮೇಲೆ ಹಾಲಸ್ವಾಮಿ ಬರೆದರು. ಕೊನೆಯಲ್ಲಿ, ‘ವಿಮಾನ ಚಾಲಕನ ತಪ್ಪು ಏನೂ ಇಲ್ಲ, ತಪ್ಪೆಲ್ಲ ನನ್ನದು’ ಎಂದು ಬರೆದು, ಅಭ್ಯಾಸಬಲದಿಂದ ಹೆಸರಿನ ಕೆಳಗೆ ತಮ್ಮ ಹಳೆಯ ದರ್ಜೆ, ನಂಬರುಗಳನ್ನೂ ಸೇರಿಸಿ ಸಹಿ ಹಾಕಿದರು.

“ಊಟ ಮಾಡ್ಕೊಂಡು ಹೋಗು ಅನ್ನೋಕೆ ನನಗೆ ಮನಸ್ಸು ಬರ್ತಿಲ್ಲ” ಎಂದರು ಸುವರ್ಣಮ್ಮ. “ನೀರು ಕುಡಿದು ಹೋಗು. ಪುಷ್ಯದಲ್ಲಿ ಅವನ ತಿಥಿ. ಬರಬೇಕು. ಬಂದು ನಾಲ್ಕು ಜನದ ಮುಂದೆ ಇದನ್ನ ನೀನೇ ಓದಬೇಕು.”

“ಬರ್ತೀನಿ ತಾಯಿ.”

ಮನೆಗೆ ಬಂದ ಮೇಲೆ ಹಾಲಸ್ವಾಮಿಗೆ ಹಗುರವಾಯಿತು ಎನ್ನುವಂತಿಲ್ಲ. ಆದರೆ ಹೊತ್ತ ಹೊರೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ ಹಾಗಾಯಿತು. ಅಷ್ಟು ಸುಖವೂ ಅವರಿಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಹೆಂಡತಿಯ ಪಟಕ್ಕೆ ಹೂವಿಟ್ಟು, “ಹೇಳ್ದೆ ಕಣೆ” ಎಂದರು.

ಡಿಸೆಂಬರಿನಲ್ಲಿ ಹೊನ್ನಯ್ಯನಿಂದ ಒಂದು ಪಾರ್ಸೆಲ್ ಬಂತು. ಹೊನ್ನಯ್ಯ ಚಿಂತಗುಟ್ಟದಲ್ಲಿಯೇ ಮದುವೆಯಾಗಿ ಅಲ್ಲಿಯೇ ನೆಲೆಸಿದ್ದ. ವರ್ಷಕ್ಕೊಂದು ಕಾಗದ ಬರೆಯುತ್ತಿದ್ದ.

‘ಹಾಲಸ್ವಾಮಿಗೆ ನಮಸ್ಕಾರ. ನಮ್ಮ ನಿಲ್ದಾಣ ಮುಚ್ಚಿ ಹತ್ತು ವರ್ಷವಾಯಿತು ಎಂದು ಬರೆದಿದ್ದೆನಲ್ಲ. ಈಗ ರನ್‌ವೇ ಮೇಲೆ ಊರಿನವರು ಮೆಣಸಿನಕಾಯಿ ಒಣಗಿಸುತ್ತಾರೆ. ಒಳ್ಳೆ ಕೆಂಪಗೆ ಒಣಗುತ್ತದೆ. ಹುಡುಗರು ಹಾರುತ್ತಿದ್ದ ಕಡೆ ಎಮ್ಮೆ ಮಲಗಿರುತ್ತವೆ. ಕಳೆದ ತಿಂಗಳು ನಮ್ಮ ಹ್ಯಾಂಗರನ್ನು ಕಿತ್ತರು. ನಾನು ನೋಡುತ್ತ ನಿಂತಿದ್ದೆ. ಚರಂಡಿಯ ಜಾಲರಿ ಎತ್ತಿ ಹೂಳು ತೆಗೆದಾಗ ಇದು ಸಿಕ್ಕಿತು. ನಂಬರು ನೋಡಿದರೆ ನಿನ್ನ ಹಲಗೆಯದೇ. ಕಳೆದದ್ದನ್ನು ನೀನು ಹೇಳಲೇ ಇಲ್ಲವಲ್ಲೋ ಕಳ್ಳ. ನೆನಪಿಗೆ ಇಟ್ಟುಕೋ.’

ಪಾರ್ಸೆಲ್ಲಿಗೆ ಸುತ್ತಿದ ಬಟ್ಟೆ ಬಿಚ್ಚಿದರು. ಸಣ್ಣ ಸ್ಕ್ರೂಡ್ರೈವರ್; ಮರದ ಹಿಡಿ ಕೊಳೆತು ಹೋಗಿತ್ತು. ಉಕ್ಕಿನ ಮೇಲೆ ಅವರ ಹಲಗೆಯ ಗುರುತಾದ ತ್ರಿಕೋನ, ಅದರ ಕೆಳಗೆ 17. ತುದಿಯ ಬಲಮೂಲೆ ಸ್ವಲ್ಪ ಮುರಿದಿತ್ತು. ಅದನ್ನು ಮುರಿದವರು ಅವರೇ. ಸಾವಿರದಲ್ಲಿಯೂ ಗುರುತು ಹಿಡಿಯಬಲ್ಲರು. ಅಂದಮೇಲೆ ಅದು ವಿಮಾನದೊಳಗೆ ಇರಲೇ ಇಲ್ಲ. ಅವರ ಕಾಲ ಬುಡದಲ್ಲಿ, ಜಾಲರಿಯ ಕೆಳಗೆ ಇತ್ತು. ಇಪ್ಪತ್ತೊಂಬತ್ತು ವರ್ಷ ಅಲ್ಲಿಯೇ ಇತ್ತು.

ಅವರು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತುಬಿಟ್ಟರು. ಬಿಡುಗಡೆ ಬಂದರೆ ಹೇಗಿರುತ್ತದೆಂದು ಎಷ್ಟೋ ಸಲ ಯೋಚಿಸಿದ್ದರು. ಇದು ಹಾಗಿರಲಿಲ್ಲ. ಅಂದು ಹೊನ್ನಯ್ಯನನ್ನು ಕೂಗಿ ಜಾಲರಿ ಎತ್ತಿದ್ದರೆ ಇದು ಸಿಗುತ್ತಿತ್ತು, ನೆರಳು ತುಂಬುತ್ತಿತ್ತು, ಅವರು ನ್ಯಾಯವಾಗಿ ಸಹಿ ಹಾಕುತ್ತಿದ್ದರು. ಹುಡುಗ ಆಗಲೂ ಹಾರುತ್ತಿದ್ದ. ಆಗಲೂ ಬೀಳುತ್ತಿದ್ದ. ಸರ್ಕಾರದ ಕಾಗದ ಹೇಳಿದ್ದೇ ಸರಿ: ಎಳೆಯ ಕೈ, ಮೂರನೆಯ ಸುತ್ತಿನಲ್ಲಿ ಮಾಡಬೇಕಾದ್ದನ್ನು ಮಾಡಲಿಲ್ಲ.

“ಮಾವ, ಈ ತುಕ್ಕು ಹಿಡಿದ ಸ್ಕ್ರೂಡ್ರೈವರ್ ಯಾಕೆ ಇಟ್ಕೊಂಡಿದೀರಿ? ಅಂಗಡಿ ತುಂಬ ಹೊಸದು ಬಿದ್ದಿದೆ. ಇದನ್ನ ಗುಜರಿಗೆ ಹಾಕ್ಲಾ?” ಎಂದಳು ಸೊಸೆ ಶೀತಲ್.

“ಇರ್ಲಿ ಬಿಡಮ್ಮ” ಎಂದರು.

ಒಂದು ತಿಂಗಳು ಅವರು ಇದನ್ನೇ ಲಿಂಗದ ಮುಂದೆ ಕೇಳಿದರು. ಸುಳ್ಳನ್ನು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅದನ್ನು ಹಾಗೆಯೇ ಬಿಟ್ಟರೆ ಪಾಪ. ಹೇಳಿದರೆ ನಾನು ಹೊರಗೆ ಬರುತ್ತೇನೆ, ಆ ಹುಡುಗ ಮತ್ತೆ ಟ್ರಂಕಿನೊಳಕ್ಕೆ ಹೋಗುತ್ತಾನೆ. ಅಂಗೈಯೊಳಗಿನಿಂದ ಉತ್ತರ ಬರಲಿಲ್ಲ. ಕೊನೆಗೆ, ಸತ್ಯಕ್ಕಿಂತ ದೊಡ್ಡ ಪೂಜೆಯಿಲ್ಲ, ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು, ಆ ಉಕ್ಕನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟು, ತಿಥಿಯ ದಿನ ಭದ್ರಾವತಿಗೆ ಹೋದರು.

ಹೊಸ್ತಿಲು ದಾಟುತ್ತಿದ್ದಂತೆ ಎದುರಿಗೇ ಸುಘೋಷನಿದ್ದ. ಗೋಡೆಯ ನಡುವೆ, ಅಪ್ಪನ ಪಟಕ್ಕಿಂತ ದೊಡ್ಡದಾಗಿ, ಸಮವಸ್ತ್ರದಲ್ಲಿ, ಗಂಧದ ಹಾರ ಹಾಕಿಕೊಂಡು ನಗುತ್ತಿದ್ದ. ಅದರ ಕೆಳಗೆ ಅದೇ ಅಳತೆಯ ಗಾಜಿನ ಕಟ್ಟಿನೊಳಗೆ ಗೀಟು ಹಾಳೆ. ಅವರ ಅಕ್ಷರ, ಅವರ ಸಹಿ.

ಶರಾವತಿ ಚೊಂಬಿನಲ್ಲಿ ನೀರು ಕೊಟ್ಟು ಮೆಲ್ಲಗೆ ಹೇಳಿದಳು. “ಅಮ್ಮ ಈಗ ಅವನ ಹೆಸರು ಹಿಡಿದು ಕರೀತಾಳೆ. ಬೆಳಿಗ್ಗೆ ಎದ್ದು ಫೋಟೋ ನೋಡಿ, ಸುಘೋಷ, ಕಾಫಿ ಆಯ್ತು ಅಂತಾಳೆ. ಇಷ್ಟು ವರ್ಷ ಆ ಹೆಸರು ಅವಳ ಬಾಯಲ್ಲಿ ನಾನು ಕೇಳೇ ಇರ್ಲಿಲ್ಲ.” ಖಾಲಿ ಚೊಂಬು ತೆಗೆದುಕೊಳ್ಳುತ್ತ, “ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ” ಎಂದಳು.

ಜನ ಏಳೆಂಟು ಮಂದಿ. ಮೇಷ್ಟ್ರ ತಮ್ಮ, ಪಕ್ಕದ ಮನೆಯ ಈಶ್ವರಮ್ಮ, ಇನ್ನು ಕೆಲವರು. ಸುವರ್ಣಮ್ಮ ಆರು ತಿಂಗಳಲ್ಲಿ ಬಹಳ ಇಳಿದಿದ್ದರು. ಗೋಡೆಗೆ ಒರಗಿಸಿ ಕೂರಿಸಿದ್ದರು.

“ಬಂದ್ಯಾ. ಓದು” ಎಂದರು.

ಹಾಲಸ್ವಾಮಿ ಎದ್ದು ನಿಂತರು. ಕೈ ಎದೆಯ ಜೇಬಿಗೆ ಹೋಯಿತು. ಬಟ್ಟೆಯ ಒಳಗೆ ಉಕ್ಕು ಸಿಕ್ಕಿತು. ಅದರ ಪಕ್ಕದಲ್ಲಿ, ಅಂಗಿಯೊಳಗೆ, ಲಿಂಗದ ಕರಡಿಗೆ. ಎರಡರ ಮೇಲೂ ಒಂದೇ ಕೈ.

“ಕನ್ನಡಕ ಹುಡುಕ್ತಿದ್ದೀಯೇನೋ?” ಎಂದರು ಸುವರ್ಣಮ್ಮ. “ಇಲ್ಲಿ ನೋಡು, ನಾನು ಕನ್ನಡಕ ಇಲ್ದೇನೇ ಹೇಳ್ತೀನಿ. ಆರು ತಿಂಗಳಿಂದ ಶಾರಿ ಹತ್ರ ದಿನಾ ಓದಿಸಿ ಬಾಯಿಪಾಠ ಆಗಿದೆ. ಆದ್ರೂ ನಿನ್ನ ಬಾಯಲ್ಲಿ ಇವರೆಲ್ಲ ಕೇಳ್ಬೇಕು.”

ಅವರು ಜೇಬಿನಿಂದ ಕೈಯನ್ನು ಬರಿದೇ ತೆಗೆದರು. ಗಾಜಿನ ಹತ್ತಿರ ಹೋಗಿ ಓದತೊಡಗಿದರು. ‘ವಿಮಾನ ಚಾಲಕನ ತಪ್ಪು ಏನೂ ಇಲ್ಲ’ ಎಂಬಲ್ಲಿಗೆ ಬಂದಾಗ ಸುವರ್ಣಮ್ಮನ ತುಟಿಗಳೂ ಜೊತೆಗೆ ಆಡಿದವು. ‘ತಪ್ಪೆಲ್ಲ ನನ್ನದು.’ ಅಲ್ಲಿಗೆ ಮುಗಿಯಿತು.

“ಇಂಥವರ ಕೈಲಿ ಮಕ್ಕಳ ಪ್ರಾಣ ಕೊಡ್ತಾರಲ್ಲ” ಎಂದರು ಮೇಷ್ಟ್ರ ತಮ್ಮ, ಹಾಲಸ್ವಾಮಿಗೆ ಕೇಳುವ ಹಾಗೆಯೇ. “ಹಣೆ ತುಂಬ ವಿಭೂತಿ ಬೇರೆ.”

“ಸುಮ್ನಿರು” ಎಂದರು ಸುವರ್ಣಮ್ಮ. ಆಮೇಲೆ ಹಾಲಸ್ವಾಮಿಯವರಿಗೆ, “ಮುಂದಿನ ವರ್ಷಾನೂ ಬಾ. ನಾನಿಲ್ದಿದ್ರೂ ಬಾ. ವರ್ಷಕ್ಕೊಂದ್ಸಲ ಅವನು ನಿನ್ನ ಬಾಯಲ್ಲಿ ಇದನ್ನ ಕೇಳ್ಲಿ” ಎಂದರು.

“ಬರ್ತೀನಿ ತಾಯಿ.”

ಸಂಜೆ ಮನೆಗೆ ಬಂದಾಗ ಶೀತಲ್ ಅಂಗಳದಲ್ಲಿ ಹಳೆಯ ಪೇಪರು, ಡಬ್ಬಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಗೇಟಿನ ಹೊರಗೆ ಗುಜರಿಯವನ ಗಾಡಿ ನಿಂತಿತ್ತು. ಹಾಲಸ್ವಾಮಿ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿ, ಒಳಗಿದ್ದುದನ್ನು ಅವಳ ಕೈಗೆ ಕೊಟ್ಟರು.

“ಇದನ್ನೂ ಹಾಕ್ಬಿಡಮ್ಮ.”

“ಅವತ್ತು ಬೇಡ ಅಂದ್ರಿ?”

“ಅವತ್ತು ಉಪಯೋಗಕ್ಕೆ ಬರಬಹುದು ಅಂದ್ಕೊಂಡಿದ್ದೆ.”

ಚೀಲದೊಳಗೆ ಡಬ್ಬದ ಮೇಲೆ ಅದು ಬಿದ್ದ ಸದ್ದಾಯಿತು. ಅವರು ಕಾಲು ತೊಳೆದು ಒಳಗೆ ಹೋಗಿ ಹೆಂಡತಿಯ ಪಟದ ಮುಂದೆ ನಿಂತರು. ಬೆಳಗಿನ ಹೂವು ಬಾಡಿತ್ತು; ಅದನ್ನು ತೆಗೆದರು, ಹೊಸದನ್ನು ಇಡಲಿಲ್ಲ.

“ಆ ಗಂಟು ಹೊತ್ಕೊಂಡೇ ನಿನ್ನ ಹಿಂದೆ ಬರಬೇಕಾಯ್ತು ಕಣೆ” ಎಂದರು.